ರಾಶಿ ಮುಗಿದ ಮೇಲಿನ ಬಣವೆ

ಓದುಗರ ಪ್ರಶ್ನೆ, ಕೃಷಿ ಅಂಕಣದ ಉತ್ತರ

ಒಮ್ಮೆ ಬಿತ್ತಿದರೆ ಬೇರು ಉಳಿಸಿಕೊಂಡು ಹಲವು ವರ್ಷ ಮತ್ತೆ ಮತ್ತೆ ತೆನೆ ಕೊಡುವ ಬಹುವಾರ್ಷಿಕ ಧಾನ್ಯಗಳ ಬಗ್ಗೆ ನಮಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಕಾಳನ್ನು ಬಿಟ್ಟು ಹುಲ್ಲು, ದಂಟು, ಕಟ್ಟಿಗೆಗಳನ್ನೇ ಕುರಿತು ಕೇಳಿವೆ. ನಮ್ಮ ಒಕ್ಕಲುತನದ ಮಾತಿನಲ್ಲಿ ರಾಶಿ ಎಂದರೆ ಕಾಳೇ ಸರಿ. ಆದರೆ ರಾಶಿ ಚೀಲ ಸೇರಿದ ಮೇಲೂ ವರ್ಷವಿಡೀ ಹಿತ್ತಿಲಲ್ಲಿ ನಿಲ್ಲುವುದು ಬಣವೆ. ಬಹುವಾರ್ಷಿಕ ಬೆಳೆಗಳಲ್ಲಿ ಆ ಬಣವೆ ಇನ್ನೂ ದೊಡ್ಡದು. ಬಂದ ಪತ್ರಗಳಲ್ಲಿ ಆರನ್ನು ಆಯ್ದು ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನಾನು ಉದ್ಯೋಗದ ನಿಮಿತ್ತ ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿದ್ದೇನೆ. ಇಲ್ಲಿ ನನಗೆ ಪರಿಚಯವಿರುವ ರೈತರೊಬ್ಬರು ಕರ್ನ್‌ಜಾ ಎಂಬ ಬಹುವಾರ್ಷಿಕ ಧಾನ್ಯವನ್ನು ಬೆಳೆಯುತ್ತಾರೆ. ಕಾಳು ಬಹಳ ಕಡಿಮೆ, ಹುಲ್ಲು ಮಾತ್ರ ಎದೆಯೆತ್ತರ. ಇದು ಬೆಳೆಯ ದೋಷವೇ? ಇಷ್ಟೊಂದು ಹುಲ್ಲಿಗೆ ಬೆಲೆ ಬರುವ ದಾರಿ ಇದೆಯೇ? (ಮಿನಿಯಾಪೊಲಿಸ್‌ನಿಂದ ಒಬ್ಬ ಓದುಗರು)

ಉತ್ತರ: ಕರ್ನ್‌ಜಾ ಎಂಬುದು ವ್ಯಾಪಾರದ ಹೆಸರು. ಯುರೋಪು ಮತ್ತು ಪಶ್ಚಿಮ ಏಷ್ಯಾ ಮೂಲದ, ಗೋದಿಗೆ ದೂರದ ನೆಂಟನಾದ ಒಂದು ಮೇವಿನ ಹುಲ್ಲಿನ ಕಾಳು ಅದು. ಪೆನ್ಸಿಲ್ವೇನಿಯದ ರೋಡೇಲ್ ಸಂಶೋಧನಾ ಕೇಂದ್ರದವರು 1983ರಲ್ಲಿ ಈ ಹುಲ್ಲನ್ನು ಧಾನ್ಯವಾಗಿ ಪಳಗಿಸಲು ಆರಿಸಿಕೊಂಡರು. ವೆಸ್ ಜಾಕ್ಸನ್ 1976ರಲ್ಲಿ ಕನ್ಸಾಸ್‌ನ ಸಲೀನಾದಲ್ಲಿ ಸ್ಥಾಪಿಸಿದ್ದ ಲ್ಯಾಂಡ್ ಇನ್‌ಸ್ಟಿಟ್ಯೂಟ್ 2003ರಿಂದ ಆ ತಳಿ ಕೆಲಸವನ್ನು ಮುಂದುವರಿಸಿತು. ಮಿನ್ನೆಸೋಟ ವಿಶ್ವವಿದ್ಯಾಲಯ 2019ರಲ್ಲಿ ಬಿಡುಗಡೆ ಮಾಡಿದ ಕ್ಲಿಯರ್‌ವಾಟರ್ ತಳಿಯನ್ನು ನಿಮ್ಮ ಪರಿಚಯದ ರೈತರೂ ಬೆಳೆಯುತ್ತಿರಬಹುದು. ಮೇವಿಗಾಗಿಯೇ ಬೆಳೆಯುತ್ತಿದ್ದ ಹುಲ್ಲಿನಿಂದ ಕಾಳು ಪಡೆಯಲು ಹೊರಟ ಬೆಳೆ ಇದು. ಆದ್ದರಿಂದ ಮೇವು ಹೆಚ್ಚೆಂದು ಅದನ್ನು ದೂರುವುದು ನ್ಯಾಯವಲ್ಲ.

ಗೋದಿ ಒಂದೇ ಋತು ಬಾಳುತ್ತದೆ. ಸಾಯುವ ಮುನ್ನ ತನ್ನಲ್ಲಿರುವುದನ್ನೆಲ್ಲ ಕಾಳಿಗೆ ತುಂಬುವುದು ಅದರ ಸ್ವಭಾವ. ಮುಂದಿನ ವರ್ಷವೂ ಬದುಕಬೇಕಾದ ಗಿಡ ಹಾಗೆ ಮಾಡಿದರೆ ಉಳಿಯದು. ಅದು ತನ್ನ ಗಳಿಕೆಯ ದೊಡ್ಡ ಪಾಲನ್ನು ಮೂರು ಮೀಟರಿನವರೆಗೂ ಇಳಿಯುವ ಬೇರಿನಲ್ಲಿ, ಬುಡದಲ್ಲಿ, ಮರುಚಿಗುರಿನ ಮೊಗ್ಗುಗಳಲ್ಲಿ ಕೂಡಿಡುತ್ತದೆ. ಕರ್ನ್‌ಜಾ ಕಾಳಿನ ಗಾತ್ರ ಗೋದಿ ಕಾಳಿನ ಐದನೆಯ ಒಂದು ಭಾಗದಷ್ಟು ಮಾತ್ರ. ರೈತರ ಹೊಲಗಳಲ್ಲಿ ಎಕರೆಗೆ ಎರಡು ಕ್ವಿಂಟಲ್ ಆಸುಪಾಸು ಕಾಳು ಬಂದರೆ, ಅದೇ ಎಕರೆಯಲ್ಲಿ ಎರಡರಿಂದ ನಾಲ್ಕು ಟನ್ ಒಣಹುಲ್ಲು ನಿಲ್ಲುತ್ತದೆ. ಎರಡು ಮೂರು ವರ್ಷ ಕಳೆದಂತೆ ಕಾಳು ಇನ್ನೂ ಇಳಿಯುತ್ತದೆ, ಹುಲ್ಲು ಅಷ್ಟಾಗಿ ಇಳಿಯುವುದಿಲ್ಲ. ಕಾಳಿನ ಲೆಕ್ಕವೊಂದನ್ನೇ ಇಟ್ಟುಕೊಂಡರೆ ಈ ಬೇಸಾಯ ಗಿಟ್ಟುವುದು ಕಷ್ಟ.

ಬೆಲೆ ಬರುವ ದಾರಿ ಖಂಡಿತ ಇದೆ, ಆದರೆ ಅದು ಕೊಯ್ಯುವ ಹೊತ್ತನ್ನು ಅವಲಂಬಿಸಿದೆ. ಈ ಬೆಳೆಯಿಂದ ವರ್ಷಕ್ಕೆ ಮೂರು ಬಗೆಯ ಮೇವು ಪಡೆಯಬಹುದು. ವಸಂತದ ಎಳೆ ಹುಲ್ಲು ಸಸಾರಜನಕದಲ್ಲಿ ಶ್ರೀಮಂತವಾಗಿದ್ದು ಹಾಲು ಕರೆಯುವ ಹಸುವಿಗೂ ಒಗ್ಗುತ್ತದೆ. ಆದರೆ ಕಾಂಡ ಏಳಲು ಶುರುವಾದ ಮೇಲೆ ಅದನ್ನು ಕೊಯ್ದರೆ ಆ ವರ್ಷದ ತೆನೆಗೇ ಕುತ್ತು. ಬೇಸಿಗೆಯ ಕೊನೆಗೆ ಕಾಳಿನ ಕೊಯ್ಲಿನೊಡನೆ ಸಿಗುವ ಹುಲ್ಲು ಪ್ರಮಾಣದಲ್ಲಿ ಎಲ್ಲಕ್ಕಿಂತ ಹೆಚ್ಚು, ಗುಣದಲ್ಲಿ ಎಲ್ಲಕ್ಕಿಂತ ಕಡಿಮೆ. ಹಾಗಿದ್ದರೂ ಕಾಳು ಬಲಿಯುವ ಹೊತ್ತಿನಲ್ಲಿ ಈ ಗಿಡದ ಕಾಂಡ, ಎಲೆ ಇನ್ನೂ ಅರೆಹಸಿರಾಗಿಯೇ ಇರುವುದರಿಂದ ಅದು ಗೋದಿ ಹುಲ್ಲಿಗಿಂತ ಒಂದು ಕೈ ಮೇಲು. ಹಾಲು ಬತ್ತಿದ ಹಸು, ಬೆಳೆದ ಕಡಸುಗಳಿಗೆ ಒಳ್ಳೆಯ ಮೇವಿನೊಡನೆ ಬೆರೆಸಿ ಕೊಡಬಹುದು. ಶರತ್ಕಾಲದಲ್ಲಿ ಮತ್ತೆ ಚಿಗುರುವ ಹುಲ್ಲು ಪ್ರಮಾಣದಲ್ಲಿ ಸ್ವಲ್ಪವೇ ಆದರೂ ಗುಣದಲ್ಲಿ ಉತ್ತಮ, ದನ ಬಿಟ್ಟು ಮೇಯಿಸಲು ತಕ್ಕದ್ದು. ಸಾಲುಗಳ ನಡುವೆ, ನಮ್ಮಲ್ಲಿ ಕುದುರೆ ಮಸಾಲೆ ಎನ್ನುವ ಲೂಸರ್ನ್ ಬೆಳೆಸಿ ಮೇವಿನ ಗುಣವನ್ನು ಇನ್ನಷ್ಟು ಏರಿಸುವ ಪ್ರಯೋಗಗಳೂ ಅಲ್ಲಿ ನಡೆದಿವೆ. ಆದರೆ ಲೂಸರ್ನ್ ಸೊಕ್ಕಿದರೆ ಕಾಳಿನ ಬೆಳೆಯನ್ನು ಅದುಮಿಬಿಡುತ್ತದೆ.

ವಿಚಿತ್ರವೆಂದರೆ, ಹುಲ್ಲು ತೆಗೆಯುವುದರಿಂದ ಈ ಬೆಳೆಗೆ ಉಪಕಾರವೂ ಆಗುತ್ತದೆ. ವರ್ಷ ಕಳೆದಂತೆ ತಾಕು ಒತ್ತೊತ್ತಾಗಿ, ಬುಡಕ್ಕೆ ಬೆಳಕು ತಾಕದೆ, ತೆನೆ ಬಿಡುವ ಮರಿಗಳು ಕಡಿಮೆಯಾಗುತ್ತವೆ. ಕೊಯ್ಲಿನ ನಂತರ ಹುಲ್ಲನ್ನು ಹೊರಸಾಗಿಸಿದರೆ ಬುಡ ಮತ್ತೆ ಬೆಳಕು ಕಾಣುತ್ತದೆ. ಹೀಗಾಗಿ ಹಾಲಿನ ಡೇರಿ ಹತ್ತಿರವಿರುವ ರೈತರಿಗೆ ನನ್ನ ಸಲಹೆ ಇಷ್ಟೇ: ಹುಲ್ಲನ್ನು ಪಕ್ಕದ ದನದ ಕೊಟ್ಟಿಗೆಗೆ ಮಾರುವಾಗ ಹಣದೊಂದಿಗೆ ಗೊಬ್ಬರವೂ ಹೊಲಕ್ಕೆ ಮರಳುವಂತೆ ಮಾತು ಕಟ್ಟಿಕೊಳ್ಳಲಿ. ಹತ್ತಿರ ಡೇರಿ ಇಲ್ಲದಿದ್ದರೆ ಲೆಕ್ಕ ಬೇರೆಯಾಗುತ್ತದೆ, ಏಕೆಂದರೆ ಹುಲ್ಲು ಹಗುರ, ಲಾರಿ ಬಾಡಿಗೆ ಭಾರ.

ಪ್ರಶ್ನೆ: ಚೀನಾದಲ್ಲಿ ಒಮ್ಮೆ ನಾಟಿ ಮಾಡಿ ನಾಲ್ಕು ವರ್ಷ ಕೊಯ್ಯುವ ಭತ್ತ ಬಂದಿದೆ ಎಂದು ಓದಿದೆ. ಉಳುಮೆಯೇ ಇಲ್ಲವೆಂದರೆ ಹುಲ್ಲನ್ನು ಗದ್ದೆಯಲ್ಲೇ ಬಿಟ್ಟರಾಯಿತಲ್ಲವೇ? (ಮಂಡ್ಯ ಜಿಲ್ಲೆಯ ರೈತರು)

ಉತ್ತರ: ನೀವು ಓದಿರುವುದು ನಿಜ. ಯುನ್ನಾನ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ನಾವು ಬೆಳೆಯುವ ಭತ್ತವನ್ನು ಆಫ್ರಿಕದ ಒಂದು ಕಾಡು ಭತ್ತದೊಡನೆ ಬೆರೆಸಿ ಪಿಆರ್23 ಎಂಬ ತಳಿಯನ್ನು ರೂಪಿಸಿ 2018ರಲ್ಲಿ ರೈತರಿಗೆ ಕೊಟ್ಟರು. ನಾಲ್ಕು ವರ್ಷಗಳ ಎಂಟು ಕೊಯ್ಲುಗಳಲ್ಲಿ ಹೆಕ್ಟೇರಿಗೆ ಸರಾಸರಿ 6.8 ಟನ್ ಭತ್ತ ಬಂದಿತು. ಪ್ರತಿ ಸಲ ನಾಟಿ ಮಾಡಿದ ಭತ್ತದ್ದು 6.7 ಟನ್. ಕರ್ನ್‌ಜಾದಂತೆ ಇಲ್ಲಿ ಕಾಳಿನ ಬರ ಇಲ್ಲ, ಹುಲ್ಲೂ ಕಾಳೂ ಹೆಚ್ಚುಕಡಿಮೆ ಸಮತೂಕ. ಹಾಗಾದರೆ ವರ್ಷದ ಎರಡು ಕೊಯ್ಲಿಗೆ ಹೆಕ್ಟೇರಿನಲ್ಲಿ ಸುಮಾರು 13 ಟನ್ ಹುಲ್ಲು.

ಗದ್ದೆಯಲ್ಲೇ ಬಿಡುವುದು ಕೇಳಲು ಸುಲಭ. ಉತ್ತ ಗದ್ದೆಯಲ್ಲಿ ಹುಲ್ಲು ಕೆಸರಿಗೆ ಸೇರಿ ಕೊಳೆಯುತ್ತದೆ. ಉಳದ ಗದ್ದೆಯಲ್ಲಿ ಅದು ಕೂಳೆಯ ಮೇಲೆ ದಪ್ಪ ಹಾಸಾಗಿ ಕುಳಿತು, ಬುಡದಿಂದ ಏಳಬೇಕಾದ ಚಿಗುರನ್ನೇ ಉಸಿರುಗಟ್ಟಿಸುತ್ತದೆ. ಇಲಿಗೂ ಕಾಂಡಕೊರಕಕ್ಕೂ ಅದು ಒಳ್ಳೆಯ ಮನೆ. ಹಾಗೆಂದು ಪೂರ್ತಿ ಹೊತ್ತೊಯ್ದರೆ ಬೇರೆ ನಷ್ಟ. ಒಂದು ಟನ್ ಭತ್ತದ ಹುಲ್ಲಿನಲ್ಲಿ 5ರಿಂದ 8 ಕಿಲೋ ಸಾರಜನಕ, 12ರಿಂದ 17 ಕಿಲೋ ಪೊಟ್ಯಾಸಿಯಂ, 40ರಿಂದ 70 ಕಿಲೋ ಸಿಲಿಕಾನ್ ಇರುತ್ತದೆ. ಟನ್ನಿಗೆ 14 ಕಿಲೋ ಎಂದು ಹಿಡಿದರೂ 13 ಟನ್ ಹುಲ್ಲಿನೊಡನೆ ಸುಮಾರು 180 ಕಿಲೋ ಪೊಟ್ಯಾಸಿಯಂ ಗದ್ದೆ ದಾಟುತ್ತದೆ. ಅದನ್ನು ತುಂಬಿಕೊಡಲು ಏಳು ಮೂಟೆಗೂ ಹೆಚ್ಚು ಪೊಟ್ಯಾಷ್ ಗೊಬ್ಬರ ಬೇಕು. ಹುಲ್ಲು ಮಾರಿದ ಹಣದಲ್ಲಿ ಈ ಮೂಟೆಗಳ ಬೆಲೆಯನ್ನು ಕಳೆದ ಮೇಲೆ ಉಳಿಯುವುದಷ್ಟೇ ಲಾಭ. ಈ ಕಳೆಯುವ ಲೆಕ್ಕವನ್ನು ಹುಲ್ಲು ಕೊಳ್ಳುವವನು ಎಂದೂ ಹೇಳುವುದಿಲ್ಲ.

ನಡುದಾರಿ ಇದೆ: ತೆಳುವಾಗಿ ಹರಡುವಷ್ಟನ್ನು ಉಳಿಸಿ, ಮಿಕ್ಕಿದ್ದನ್ನು ಹೊರತಂದು, ಬೆಲೆ ಹೆಚ್ಚಿಸಿ ಬಳಸುವುದು. ಭತ್ತದ ಹುಲ್ಲು ಮೇವಾಗಿ ಸಪ್ಪೆ. ಅದನ್ನು ಯೂರಿಯಾ ಉಪಚಾರದಿಂದ ಸುಧಾರಿಸುವ ವಿಧಾನ ನಮ್ಮ ಪಶುವೈದ್ಯರಿಗೆ ಚೆನ್ನಾಗಿ ಗೊತ್ತು: 100 ಕಿಲೋ ಒಣಹುಲ್ಲಿಗೆ 4 ಕಿಲೋ ಯೂರಿಯಾವನ್ನು ಸುಮಾರು 60 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ, ತುಳಿದು, ಗಾಳಿ ಆಡದಂತೆ ಪ್ಲಾಸ್ಟಿಕ್ ಹಾಳೆ ಮುಚ್ಚಿ 21 ದಿನ ಬಿಡಬೇಕು. ತಿನ್ನಿಸುವ ಮುನ್ನ ಘಾಟು ಹೋಗುವಂತೆ ಗಾಳಿಗೆ ಹರಡಬೇಕು. ಆರು ತಿಂಗಳೊಳಗಿನ ಕರುಗಳಿಗೆ ಇದು ಬೇಡವೇ ಬೇಡ. ಯೂರಿಯಾ ನೀರನ್ನು ದನ ನೇರವಾಗಿ ಕುಡಿದರೆ ಪ್ರಾಣಾಪಾಯವಿದೆ, ಆದ್ದರಿಂದ ಕಲಸಿದ ಬಕೆಟ್ಟನ್ನು ಕೊಟ್ಟಿಗೆಯಲ್ಲಿ ಬಿಡಬಾರದು.

ಇನ್ನೊಂದು ದಾರಿ ಅಣಬೆ. ಚಿಪ್ಪಣಬೆಗೆ ಹುಲ್ಲಿನ ಕಟು ನಾರೇ ಊಟ. ನೆನೆಸಿ, ಬಿಸಿನೀರಿನಲ್ಲಿ ಶುದ್ಧಿ ಮಾಡಿ, ಅಣಬೆ ಬೀಜ ಸೇರಿಸಿ ಚೀಲ ಕಟ್ಟಿದರೆ ಒಂದು ಕಿಲೋ ಒಣಹುಲ್ಲಿಗೆ ಅರ್ಧ ಕಿಲೋ ಮೀರಿ ಹಸಿ ಅಣಬೆ ಬರುವುದು ಸಾಮಾನ್ಯ. ಬೆಳೆ ಮುಗಿದ ಚೀಲದ ಹುಲ್ಲು ಮೆತ್ತಗಾಗಿ ಬೇಗ ಗೊಬ್ಬರವಾಗುತ್ತದೆ ಮತ್ತು ಪೊಟ್ಯಾಷಿನ ದೊಡ್ಡ ಪಾಲು ಅದರೊಡನೆ ಗದ್ದೆಗೆ ಹಿಂತಿರುಗುತ್ತದೆ. ಹುಲ್ಲು ಮಾರುವುದಕ್ಕಿಂತ ನನಗೆ ಈ ದಾರಿ ಹೆಚ್ಚು ಒಪ್ಪಿಗೆ. ಆದರೆ ಅಣಬೆ ಒಂದೆರಡು ದಿನದಲ್ಲಿ ಬಾಡುವ ಮಾಲು. ಕೊಳ್ಳುವವರು ಯಾರೆಂದು ಗೊತ್ತು ಮಾಡಿಕೊಂಡ ಮೇಲೆ ಚೀಲ ಕಟ್ಟುವುದು ವಿವೇಕ.

ಪ್ರಶ್ನೆ: ಜೋಳದ ಕೂಳೆ ಚಿಗುರು ತಿಂದು ನಮ್ಮ ಎಮ್ಮೆ ಸಾಯುವ ಹಂತಕ್ಕೆ ಬಂದಿತ್ತು. ಬಹುವಾರ್ಷಿಕ ಜೋಳ ಬಂದರೆ ಈ ಕಂಟಕ ವರ್ಷವಿಡೀ ಇರುತ್ತದೆಯೇ? (ವಿಜಯಪುರ ಜಿಲ್ಲೆಯ ಓದುಗರು)

ಉತ್ತರ: ನಿಮ್ಮ ಆತಂಕ ಸರಿಯಾದುದು. ಜೋಳದ ಎಳೆ ಚಿಗುರಿನಲ್ಲಿ ಧುರಿನ್ ಎಂಬ ವಸ್ತುವಿದ್ದು, ದನದ ಹೊಟ್ಟೆಯಲ್ಲಿ ಅದು ಸೈನೈಡ್ ವಿಷವನ್ನು ಬಿಡುತ್ತದೆ. ಕೂಳೆ ಚಿಗುರಿನಲ್ಲಿ, ಅದರಲ್ಲೂ ಮಳೆ ಕೈಕೊಟ್ಟು ಬಾಡಿ ಮತ್ತೆ ಚಿಗುರಿದ ಗಿಡದಲ್ಲಿ ಅದು ಹೆಚ್ಚು. ಬಹುವಾರ್ಷಿಕ ಜೋಳವನ್ನು ರೂಪಿಸಲು ತಳಿ ವಿಜ್ಞಾನಿಗಳು ಬಳಸಿರುವ ಕಾಡು ಬಂಧು ಜಾನ್ಸನ್ ಹುಲ್ಲಿಗೂ ಇದೇ ಕುಖ್ಯಾತಿ ಇದೆ. ಕೊಯ್ಲಾದ ಮೇಲೂ ಬೇರು ಬದುಕಿರುವುದರಿಂದ ಅಪಾಯದ ಚಿಗುರು ವರ್ಷಕ್ಕೆ ಹಲವು ಸಲ ಬರುತ್ತದೆ. ಹೂ ಬಿಡುವ ಹಂತಕ್ಕೆ ಬಂದ ಗಿಡವನ್ನು ಕೊಯ್ದು ಚೆನ್ನಾಗಿ ಒಣಗಿಸಿ ಕೊಟ್ಟರೆ ಅಥವಾ ರಸಮೇವು ಮಾಡಿ ಕೊಟ್ಟರೆ ವಿಷ ಬಹಳಷ್ಟು ಇಳಿಯುತ್ತದೆ. ಹೊಲಕ್ಕೆ ದನ ಬಿಟ್ಟು ಮೇಯಿಸುವುದು ಮಾತ್ರ ಬೇಡ.

ನಿಮ್ಮ ಸೀಮೆಯಿಂದ ತಳಿ ವಿಜ್ಞಾನಿಗಳು ಕಲಿಯಬೇಕಾದ ಮಾತೊಂದಿದೆ. ಹಿಂಗಾರಿ ಬಿಳಿಜೋಳದಲ್ಲಿ ಎಂ 35-1, ಅಂದರೆ ಮಾಲದಂಡಿ, ಹೊಸ ತಳಿಗಳ ಪೈಪೋಟಿಯನ್ನು ಇಷ್ಟು ದಶಕ ತಾಳಿಕೊಂಡದ್ದರಲ್ಲಿ ರೊಟ್ಟಿಯ ರುಚಿಯಷ್ಟೇ ಪಾಲು ಕಣಿಕೆಯದೂ ಇದೆ. ಬರದ ವರ್ಷ ಕಾಳಿಗಿಂತ ಕಣಿಕೆಯೇ ಮನೆ ನಡೆಸಿದ್ದನ್ನು ಕಂಡವರು ದಂಟನ್ನು ಶೇಷ ಎಂದು ಕರೆಯಲಾರರು.

ಪ್ರಶ್ನೆ: ತೊಗರಿ ಗಿಡವನ್ನು ಕಿತ್ತುಹಾಕದೆ ಬಿಟ್ಟರೆ ಮರುವರ್ಷವೂ ಕಾಯಿ ಬಿಡುತ್ತದೆ ಎಂದು ಹಿರಿಯರು ಹೇಳುತ್ತಾರೆ. ಬದುವಿನಲ್ಲಿ ಹಾಗೆ ಬೆಳೆಸಿದರೆ ಕಾಳೂ ಕಟ್ಟಿಗೆಯೂ ಸಿಗುವುದಲ್ಲವೇ? ಈಗ ಕಟ್ಟಿಗೆಯನ್ನು ಕೇಳುವವರಿಲ್ಲ. (ಕಲಬುರಗಿ ಜಿಲ್ಲೆಯ ರೈತ ಮಹಿಳೆ)

ಉತ್ತರ: ನಿಮ್ಮ ಹಿರಿಯರು ಹೇಳಿದ್ದು ಸಸ್ಯಶಾಸ್ತ್ರವೇ. ತೊಗರಿ ಹುಟ್ಟಿನಿಂದ ಬಹುವಾರ್ಷಿಕ ಪೊದೆ. ಮೂರರಿಂದ ಐದು ವರ್ಷ ಬಾಳಬಲ್ಲ ಗಿಡವನ್ನು ನಾವು ಒಂದೇ ಬೆಳೆಗೆ ಕಡಿಯುತ್ತೇವೆ. 2019ರಲ್ಲಿ ಭೌಗೋಳಿಕ ಗುರುತು ಪಡೆದ ನಿಮ್ಮ ಜಿಲ್ಲೆಯ ತೊಗರಿಬೇಳೆಯೂ ಹೀಗೆ ಕಡಿದ ಗಿಡದ್ದೇ.

ಕಡಿಯುವುದಕ್ಕೆ ಕಾರಣಗಳಿವೆ ಎಂಬುದನ್ನೂ ಹೇಳಬೇಕು. ಗೊಡ್ಡು ರೋಗವನ್ನು ಹರಡುವ ನುಸಿಗೆ ಹಳೆಯ ತೊಗರಿ ಗಿಡವೇ ಬೇಸಿಗೆಯ ಆಶ್ರಯ. ಅಲ್ಲಿಂದ ಅದು ಮಳೆಗಾಲದ ಹೊಸ ಬೆಳೆಗೆ ದಾಟುತ್ತದೆ. ನೆಟೆ ರೋಗದ ಶಿಲೀಂಧ್ರ ಬೇರು, ಬುಡದ ತುಂಡುಗಳಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಆದ್ದರಿಂದ ದೊಡ್ಡ ತೊಗರಿ ಹೊಲದ ಪಕ್ಕದ ಬದುವಿನಲ್ಲಿ ಹಳೆಯ ಗಿಡ ಉಳಿಸುವುದನ್ನು ನಾನು ಒಪ್ಪುವುದಿಲ್ಲ. ತೊಗರಿ ಇಲ್ಲದ ತೋಟದ ಅಂಚಿನಲ್ಲಿ, ರೋಗ ನಿರೋಧಕ ತಳಿಯ ಹತ್ತಿಪ್ಪತ್ತು ಗಿಡಗಳಿಗೆ ಅಡ್ಡಿಯಿಲ್ಲ.

ಇನ್ನು ಕಟ್ಟಿಗೆಯ ಮಾತು. ಅಡುಗೆ ಅನಿಲ ಬಂದ ಮೇಲೆ ಒಲೆಯ ಬೇಡಿಕೆ ಇಳಿದದ್ದು ನಿಜ, ಹೊಗೆಯುಂಡ ಹೆಂಗಸರ ಕಣ್ಣಿನ ದೃಷ್ಟಿಯಿಂದ ಅದು ಒಳ್ಳೆಯದೇ. ಆದರೂ ತೊಗರಿ ಕಟ್ಟಿಗೆ ಗೋದಿ ಹುಲ್ಲಿನಂಥದಲ್ಲ, ಅದು ಸಣ್ಣ ಮರವೇ. ಕಿಲೋಗೆ ಸುಮಾರು 4,000 ಕಿಲೋಕ್ಯಾಲರಿ ಶಾಖ ಕೊಡುತ್ತದೆ. ಇಟ್ಟಿಗೆ ಗೂಡು, ಬೆಲ್ಲದ ಗಾಣ, ಬ್ರಿಕೆಟ್, ಅಂದರೆ ಒತ್ತಿ ಮಾಡಿದ ಉರುವಲು ಇಟ್ಟಿಗೆಯ ಘಟಕಗಳಿಗೆ ಇದು ಒದಗುವ ಉರುವಲು. ಹಸಿ ಇರುವಾಗ ಬಾಗುವ ತೆಳು ಕಡ್ಡಿಗಳಿಂದ ಬುಟ್ಟಿ ಹೆಣೆಯುವ, ತಟ್ಟಿ ಕಟ್ಟಿ ಮಣ್ಣು ಮೆತ್ತುವ ಕಸುಬು ನಮ್ಮಲ್ಲಿ ಹಳೆಯದು. ರಾಶಿಯಲ್ಲಿ ಹಾರುವ ಹೊಟ್ಟು ದನಕ್ಕೆ ಮೆಚ್ಚಿನ ಮೇವು, ಅದನ್ನು ಗಾಳಿಗೆ ಬಿಡಬೇಡಿ.

ಕೊಳ್ಳುವವರಿಲ್ಲದ ಊರಿನಲ್ಲಿ ಕಟ್ಟಿಗೆಯನ್ನು ಇದ್ದಿಲು ಗೊಬ್ಬರ, ಅಂದರೆ ಬಯೋಚಾರ್ ಮಾಡಿ ಮಣ್ಣಿಗೆ ಸೇರಿಸುವುದೇ ಲೇಸು. ಹೈದರಾಬಾದಿನ ಕ್ರಿಡಾ, ಅಂದರೆ ಕೇಂದ್ರೀಯ ಒಣಭೂಮಿ ಕೃಷಿ ಸಂಶೋಧನಾ ಸಂಸ್ಥೆಯವರು ಸುಮಾರು 200 ಲೀಟರಿನ ಡ್ರಮ್ಮಿನಿಂದಲೇ ಇದಕ್ಕೊಂದು ಸುಲಭ ಗೂಡು ರೂಪಿಸಿದ್ದಾರೆ. ಕಟ್ಟಿಗೆಯನ್ನು ಸಣ್ಣದಾಗಿ ಕಡಿದು ತುಂಬಿ, ಉರಿ ಹತ್ತಿದ ಮೇಲೆ ಗಾಳಿ ತಡೆದು ಮುಚ್ಚಿದರೆ ತೂಕದ ಕಾಲು ಭಾಗ, ಕೆಲವೊಮ್ಮೆ ಮೂರನೆಯ ಒಂದು ಭಾಗ ಇದ್ದಿಲಾಗಿ ಉಳಿಯುತ್ತದೆ. ನೆಟೆ ಹತ್ತಿದ ಗಿಡದ ಕಟ್ಟಿಗೆಯನ್ನು ಹೊಲಕ್ಕೆ ಹೊದಿಕೆಯಾಗಿ ಹಾಸಬಾರದು, ಇದ್ದಿಲು ಮಾಡಬಹುದು. ಆ ಶಾಖಕ್ಕೆ ಶಿಲೀಂಧ್ರ ಉಳಿಯದು. ಇದ್ದಿಲನ್ನು ಒಣಗಿದ್ದಂತೆಯೇ ಎರಚದೆ, ಗಂಜಲ ಅಥವಾ ಕೊಟ್ಟಿಗೆ ಗೊಬ್ಬರದಲ್ಲಿ ಕೆಲವು ವಾರ ನೆನೆಯಿಟ್ಟು ಬಳಸಿ.

ಪ್ರಶ್ನೆ: ಹುಲ್ಲಿನಿಂದ ಎಥನಾಲ್ ತೆಗೆಯುವ ಕಾರ್ಖಾನೆಗಳು ಬಂದಿವೆ. ಬಹುವಾರ್ಷಿಕ ಧಾನ್ಯಗಳ ಹುಲ್ಲಿಗೆ ಅದೇ ಅತ್ಯುತ್ತಮ ಮಾರುಕಟ್ಟೆಯಲ್ಲವೇ? (ಧಾರವಾಡದ ಕೃಷಿ ವಿದ್ಯಾರ್ಥಿ)

ಉತ್ತರ: 2022ರಲ್ಲಿ ಪಾಣಿಪತ್‌ನಲ್ಲಿ ಉದ್ಘಾಟನೆಯಾದ ಇಂಡಿಯನ್ ಆಯಿಲ್ ಸಂಸ್ಥೆಯ ಘಟಕವನ್ನೇ ತೆಗೆದುಕೊಳ್ಳಿ. ವರ್ಷಕ್ಕೆ ಸುಮಾರು 2 ಲಕ್ಷ ಟನ್ ಭತ್ತದ ಹುಲ್ಲಿನಿಂದ ಸುಮಾರು 3 ಕೋಟಿ ಲೀಟರ್ ಎಥನಾಲ್ ತೆಗೆಯುವ ಗುರಿ ಅದರದು. ಟನ್ನಿಗೆ 150 ಲೀಟರ್ ಎಂದಾಯಿತು. ಸುತ್ತಲಿನ ಜಿಲ್ಲೆಗಳಲ್ಲಿ ಒಂದೇ ತಿಂಗಳಲ್ಲಿ ಲಕ್ಷಗಟ್ಟಲೆ ಎಕರೆ ಭತ್ತ ಕೊಯ್ಲಾಗಿ ಹುಲ್ಲು ಬೆಂಕಿಗೆ ಹೋಗುವ ಹರಿಯಾಣದಲ್ಲಿ ಇಂಥ ಘಟಕಕ್ಕೆ ಅರ್ಥವಿದೆ. ಕನ್ಸಾಸ್, ಮಿನ್ನೆಸೋಟಗಳಲ್ಲಿ ಚದುರಿದ ಕೆಲವೇ ಸಾವಿರ ಎಕರೆ ಕರ್ನ್‌ಜಾಕ್ಕೆ ಅಂಥ ಕಾರ್ಖಾನೆ ಕಟ್ಟುವುದು ಮಾತಿಗೆ ಚೆಂದ. ಹುಲ್ಲಿನ ಸಕ್ಕರೆ ಸೆಲ್ಯುಲೋಸ್, ಹೆಮಿಸೆಲ್ಯುಲೋಸ್ ಎಂಬ ಎಳೆಗಳಲ್ಲಿ ಸಿಕ್ಕಿಕೊಂಡಿದ್ದು, ಲಿಗ್ನಿನ್ ಎಂಬ ಅಂಟು ಅದನ್ನು ಕಾಯುತ್ತದೆ. ಅದನ್ನು ಬಿಡಿಸಲು ಕಾರ್ಖಾನೆಗೆ ಆಮ್ಲ, ಹಬೆ, ದುಬಾರಿ ಕಿಣ್ವ ಬೇಕು. ಹಸುವಿನ ಹೊಟ್ಟೆಯ ಸೂಕ್ಷ್ಮಜೀವಿಗಳು ಅದೇ ಕೆಲಸದ ಬಹುಪಾಲನ್ನು ಬಿಟ್ಟಿಯಾಗಿ ಮಾಡಿ ಹಾಲು, ಸಗಣಿ ಎರಡನ್ನೂ ಕೊಡುತ್ತವೆ. ಕಾಗದದ ತಿರುಳಿಗೂ ಇದೇ ಮಾತು ಸಲ್ಲುತ್ತದೆ. ಭತ್ತದ ಹುಲ್ಲಿನ ಸಿಲಿಕಾ ಅಲ್ಲಿ ಇನ್ನೊಂದು ತಲೆನೋವು. ದನ ತಿನ್ನಲಾರದ, ಅಣಬೆ ಬೆಳೆಯಲಾಗದ, ಹೊಲಕ್ಕೂ ಬೇಡವಾದ ಹುಲ್ಲು ಎಷ್ಟಿದೆ ಎಂದು ಮೊದಲು ಅಳೆದು, ಆಮೇಲೆ ಕಾರ್ಖಾನೆಯ ನಕ್ಷೆ ಬರೆಯುವುದು ಸರಿಯಾದ ಕ್ರಮವೆಂದು ನನ್ನ ಅಭಿಪ್ರಾಯ.

ಪ್ರಶ್ನೆ: ಇಷ್ಟೆಲ್ಲ ರಗಳೆ ಏಕೆ? ಬೆಂಕಿ ಹಚ್ಚಿದರೆ ಬೂದಿಯೂ ಗೊಬ್ಬರ, ಬುಡವೂ ಚೊಕ್ಕಟ. (ಹೆಸರು, ಊರು ತಿಳಿಸದ ಓದುಗರು)

ಉತ್ತರ: ನೀವು ಹೇಳಿದ್ದನ್ನೇ ಅಮೆರಿಕದ ಒರೆಗಾನ್ ರಾಜ್ಯದ ವಿಲಾಮೆಟ್ ಕಣಿವೆಯ ರೈತರು ದಶಕಗಳ ಕಾಲ ಮಾಡಿದರು. ಅವರು ಬೆಳೆಯುವುದು ತಿನ್ನುವ ಧಾನ್ಯವಲ್ಲ, ಬಹುವಾರ್ಷಿಕ ಹುಲ್ಲುಗಳ ಬಿತ್ತನೆ ಬೀಜ. ಆದರೆ ಬೀಜ ಸ್ವಲ್ಪ, ಹುಲ್ಲು ರಾಶಿ ಎಂಬ ಕಷ್ಟ ಕರ್ನ್‌ಜಾದ್ದೇ. 1940ರ ದಶಕದಿಂದ ಕೊಯ್ಲಾದ ಹೊಲಗಳಿಗೆ ಅವರು ಬೆಂಕಿ ಹಚ್ಚತೊಡಗಿದರು. ಬೀಜದ ರೋಗಗಳು ಕಡಿಮೆಯಾದವು, ಮರುವರ್ಷ ಬೀಜವೂ ಚೆನ್ನಾಗಿ ಬಂತು. ಅಷ್ಟರಮಟ್ಟಿಗೆ ನಿಮ್ಮ ಮಾತು ಸರಿ. 1988ರ ಆಗಸ್ಟ್‌ನಲ್ಲಿ ಹೊಲದ ಬೆಂಕಿಯ ಹೊಗೆ ಹೆದ್ದಾರಿಗೆ ಕವಿದು, ಕಣ್ಣು ಕಾಣದೆ ವಾಹನಗಳು ಒಂದರ ಮೇಲೊಂದು ನುಗ್ಗಿ ಏಳು ಜನ ಸತ್ತರು. 1991ರಲ್ಲಿ ಕಾನೂನು ಬಂದು ಸುಡುವ ಪ್ರದೇಶ ವರ್ಷದಿಂದ ವರ್ಷಕ್ಕೆ ಕುಗ್ಗಿತು.

ಸುಡುವಂತಿಲ್ಲ ಎಂದಾದ ಮೇಲೆ ಆ ಹುಲ್ಲನ್ನು ಒತ್ತಿ ಪೆಂಡಿ ಕಟ್ಟಿ ಹಡಗಿಗೆ ಹೇರಿ, ಮೇವಿನ ಕೊರತೆ ಇರುವ ಜಪಾನ್, ದಕ್ಷಿಣ ಕೊರಿಯಾಗಳ ಕೊಟ್ಟಿಗೆಗಳಿಗೆ ಕಳಿಸುವ ವ್ಯಾಪಾರ ಬೆಳೆಯಿತು. ದಾರಿ ಸುಗಮವಾಗಿರಲಿಲ್ಲ. ಕೆಲವು ಹುಲ್ಲುಗಳ ಒಳಗೆ ವಾಸಿಸುವ ಶಿಲೀಂಧ್ರ ಎರ್ಗೋವಲಿನ್, ಲೋಲಿಟ್ರೆಮ್ ಎಂಬ ವಿಷಗಳನ್ನು ಉಂಟುಮಾಡುತ್ತದೆ. ಅವು ಹೆಚ್ಚಾದ ಹುಲ್ಲು ತಿಂದ ದನ ಕುಂಟುತ್ತದೆ, ತೂರಾಡುತ್ತದೆ. ಅದಕ್ಕಾಗಿ ರಫ್ತಿನ ಹುಲ್ಲನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸುವ ವ್ಯವಸ್ಥೆ ಬೇಕಾಯಿತು.

ಬೂದಿಯ ವಿಷಯಕ್ಕೆ ಬರುವುದಾದರೆ, ಪೊಟ್ಯಾಷ್ ಮತ್ತು ಸುಣ್ಣದಂಶ ಉಳಿಯುವುದು ನಿಜ. ಸಾರಜನಕ ಹೆಚ್ಚುಕಡಿಮೆ ಪೂರ್ತಿ ಹೊಗೆಯೊಡನೆ ಹೋಗುತ್ತದೆ, ಗಂಧಕದ ದೊಡ್ಡ ಪಾಲೂ ಹೋಗುತ್ತದೆ. ಉಳಿದ ಬೂದಿಯನ್ನು ಮೊದಲ ಜೋರು ಗಾಳಿ ಪಕ್ಕದ ಹೊಲದವರಿಗೆ ಹಂಚುತ್ತದೆ.